ಎಣಿಕೆ ಏರಿದ ಮೇಲೂ ಮಾಡಿಸಿದ ಮಜ್ಜೆ ಪರೀಕ್ಷೆ

ಆ ಒಂದು ಪರೀಕ್ಷೆಗೆ ಒಂದು ಕ್ವಿಂಟಲ್ ಹತ್ತಿಯ ಬೆಲೆಯಷ್ಟು ಖರ್ಚು ಬಿತ್ತು. ನನ್ನ ಹೆಂಡತಿಯ ಸೊಂಟದ ಎಲುಬಿಗೆ ಸೂಜಿ ಇಳಿಸಿ, ಮಜ್ಜೆ ತೆಗೆದು, ಅದರ ಜೀವಕೋಶಗಳಲ್ಲಿ ವರ್ಣತಂತುಗಳು ಸರಿಯಾಗಿವೆಯೇ ಎಂದು ನೋಡುವ ಪರೀಕ್ಷೆ ಅದು. ಕೋಶಗಳನ್ನು ಬೆಳೆಸಿ ಒಂದೊಂದನ್ನೇ ನೋಡಬೇಕು, ಅದಕ್ಕೇ ದುಬಾರಿ.

ಅವಳ ಮಜ್ಜೆ ರಕ್ತ ಮಾಡುವುದನ್ನೇ ಬಿಟ್ಟಿತ್ತು. ದೇಹದ ರೋಗನಿರೋಧಕ ಶಕ್ತಿಯೇ ಅದನ್ನು ಹಾಳುಮಾಡುತ್ತಿದೆ ಎಂದು ಹೈದರಾಬಾದಿನ ವೈದ್ಯರು ಆ ಶಕ್ತಿಯನ್ನು ತಗ್ಗಿಸುವ ಔಷಧಿ ಕೊಟ್ಟಿದ್ದರು. ವರ್ಷ ತುಂಬುವಷ್ಟರಲ್ಲಿ ಶಹಾಪುರದ ಲ್ಯಾಬಿನಲ್ಲಿ ರಕ್ತಕಣಗಳ ಎಣಿಕೆ ಏರತೊಡಗಿತು. ರಕ್ತ ಹಾಕಿಸುವುದು ನಿಂತಿತು. ತಿಂಥಣಿಗೆ ಹೋಗಿ ಹರಕೆಯನ್ನೂ ತೀರಿಸಿ ಬಂದೆವು. ಆಗ ವೈದ್ಯರು, ಮಜ್ಜೆಯನ್ನು ಮತ್ತೊಮ್ಮೆ ನೋಡೋಣ ಎಂದರು.

ಹಳ್ಳಿ ಹಳ್ಳಿ ತಿರುಗಿ ಹತ್ತಿ ಖರೀದಿ ಮಾಡುವವನು ನಾನು. ಬೇಡದ ಖರ್ಚು ನನಗಾಗದು. ಯಾದಗಿರಿ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತ ಗೊಣಗಿದೆ:

“ರಕ್ತ ಚಲೋ ಐತಿ. ಮತ್ಯಾಕ ಎಲುಬು ಚುಚ್ಚಸ್ಕೋತಿ?”

“ಗೋಗಿ ಊರಾಗ ಹತ್ತಿ ರಾಶಿ ಮ್ಯಾಲೆ ಬೆಳ್ಳಗ ಕಂಡ್ರ ಅಷ್ಟಕ್ಕ ದರಾ ಕಟ್ತೀರೇನು?” ಎಂದಳು ಹೆಂಡತಿ.

“ಹುಚ್ಚೇನು? ಮೊಳಕೈ ತನಕ ಕೈ ಹಾಕಿ ಒಳಗಿಂದು ಎಳದು ನೋಡ್ತೇನಿ.”

“ಮತ್ತ ನನ್ನ ಮ್ಯಾಲಷ್ಟ ನೋಡಿ ಬಿಡ್ತೀರಿ?”

ಸುರಪುರದಿಂದ ಬಂದಿದ್ದ ಅವಳ ತಮ್ಮ ನಕ್ಕ. “ಸೌದಾ ಮುಗೀತ್ರಿ ಮಾವ. ರೊಕ್ಕ ತಗೀರಿ.”

ತೆಗೆದೆ. ವರದಿ ಬಂದಾಗ, ಕೆಲವು ಕೋಶಗಳಲ್ಲಿ ಏಳನೆಯ ವರ್ಣತಂತುವಿನ ಜೋಡಿಯಲ್ಲಿ ಒಂದು ಇರಲಿಲ್ಲ. ರೋಗ ಶುರುವಾದಾಗಿನ ಮೊದಲ ವರದಿಯಲ್ಲಿ ಇದು ಕಂಡಿರಲಿಲ್ಲ. ಔಷಧಿಯಿಂದ ಹೀಗಾಯಿತೇ ಎಂದು ಕೇಳಿದೆ. ಹಾಗೆಂದು ಹೇಳಲಾಗದು, ಈ ರೋಗದಲ್ಲಿ ಕೆಲವರಿಗೆ ಚಿಕಿತ್ಸೆಯ ನಡುವೆ ಹೀಗಾಗುತ್ತದೆ, ಬಿಟ್ಟರೆ ರಕ್ತದ ಕ್ಯಾನ್ಸರಿಗೆ ತಿರುಗಬಹುದು ಎಂದರು ವೈದ್ಯರು. ಉಳಿದ ದಾರಿ ಮಜ್ಜೆ ಕಸಿಯೊಂದೇ. ಅವಳ ತಮ್ಮನ ಮಜ್ಜೆ ಹೊಂದಿತು.

ಕಸಿಗೆ ಮುಂಚೆ ಅವಳು ಅವನಿಗೆ ಹೇಳಿದ್ದಿಷ್ಟೇ: “ನಿನ್ನ ಸೋಮಾರಿತನ ಮಾತ್ರ ಕೊಡಬ್ಯಾಡಪ್ಪಾ.”

ಅವನು ಅದನ್ನು ಕೊಟ್ಟಂತಿಲ್ಲ. ಆಸ್ಪತ್ರೆಯಿಂದ ಬಂದು ಬಹಳ ದಿನ ಸುಸ್ತಾಗಿದ್ದಳು, ಈಗ ರೊಟ್ಟಿ ಬಡಿಯುತ್ತಾಳೆ. ತಪಾಸಣೆಗೆ ಇನ್ನೂ ಹೋಗುತ್ತೇವೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಔಷಧಿ ನಡೆದಿದ್ದರೆ, ಎಣಿಕೆ ಏರಿತೆಂದು ನೀವೇ ಗುಳಿಗೆ ನಿಲ್ಲಿಸಬೇಡಿ. ವರ್ಣತಂತು ಪರೀಕ್ಷೆ ಮತ್ತೆ ಯಾವಾಗ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ. ಮೊದಲ ವರದಿ ಜೊತೆಗಿರಲಿ, ಹೋಲಿಸಿ ನೋಡಲು ಬೇಕಾಗುತ್ತದೆ. ಅಣ್ಣತಮ್ಮ, ಅಕ್ಕತಂಗಿಯರ ಮಜ್ಜೆ ಹೊಂದುತ್ತದೆಯೇ ಎಂಬುದನ್ನು ಗಾಬರಿಯ ದಿನ ಬರುವ ಮೊದಲೇ ನೋಡಿಸಿಟ್ಟುಕೊಳ್ಳಿ. ಚೌಕಾಶಿಯನ್ನು ಪರೀಕ್ಷೆಯಲ್ಲಲ್ಲ, ಆಸ್ಪತ್ರೆ ಬಳಿಯ ಲಾಡ್ಜಿನವರ ಹತ್ತಿರ ಮಾಡಿ, ಅಲ್ಲಾದರೆ ಬಾಡಿಗೆ ಇಳಿಸುತ್ತಾರೆ.