ಟೈಲರಮ್ಮನ ಎಡಗಾಲು

ಟೈಲರಮ್ಮನಿಗೆ ಸಂಗೀತ ಹತ್ತಿದ್ದು ಒಂದು ಸವೆದ ಪ್ಯಾಂಟಿನಿಂದ. ಹೀಗೆಂದರೆ ಜನ ನಗುತ್ತಾರೆ. ನಗಲಿ ಬಿಡಿ, ನಡೆದದ್ದು ಹಾಗೆಯೇ.

ಸಂಗೀತದ ಮೇಷ್ಟ್ರೊಬ್ಬರು ಎರಡು ತಿಂಗಳಿಗೊಮ್ಮೆ ಪ್ಯಾಂಟು ಹಿಡಿದುಕೊಂಡು ಅವಳ ಅಂಗಡಿಗೆ ಬರುತ್ತಿದ್ದರು. ಪ್ರತಿ ಸಲವೂ ಎಡಮಂಡಿಯ ಎರಡು ಪಕ್ಕದಲ್ಲೇ ಬಟ್ಟೆ ಜಾಳುಜಾಳಾಗಿರುತ್ತಿತ್ತು. ನಾಲ್ಕನೆಯ ಸಲ ಅವಳಿಗೆ ತಡೆಯಲಾಗಲಿಲ್ಲ.

"ಏನ್ ಮೇಷ್ಟ್ರೇ, ಒಂದೇ ಮಂಡೀಲಿ ತೆವಳ್ಕೊಂಡು ಓಡಾಡ್ತೀರಾ?"

"ಬಾ, ತೋರಿಸ್ತೀನಿ" ಅಂದರು ಮೇಷ್ಟ್ರು.

ಅವರ ಕೋಣೆಯಲ್ಲಿ ಮೇಜಿನ ಹಾಗೆ ನಾಲ್ಕು ಕಾಲಿನ ಮೇಲೆ ಮಲಗಿದ್ದ ಗಿಟಾರ್ ಒಂದಿತ್ತು. ಹತ್ತು ತಂತಿ. ಎಡಗೈಯಲ್ಲಿ ಉಕ್ಕಿನ ದುಂಡು ತುಂಡು, ಬಲಗೈ ಬೆರಳಿಗೆ ತಗಡಿನ ಉಗುರು. ಎಡಮಂಡಿಯ ಎರಡೂ ಕಡೆ ತಳ್ಳುವುದಕ್ಕೆ ಸಣ್ಣ ಸಲಾಕೆಗಳು. ಪ್ಯಾಂಟು ತಿಂದ ಕಳ್ಳರು ಅವೇ. ಕೆಳಗೆ ಸಾಲಾಗಿ ಪೆಡಲ್‌ಗಳು. ಒಂದನ್ನು ಒತ್ತಿದರೆ ಒಳಗಿನ ಕಡ್ಡಿ ಒಂದು ತಂತಿಯನ್ನು ಬಿಗಿಯಾಗಿ ಎಳೆದು, ಪ ಎನ್ನುತ್ತಿದ್ದ ಸ್ವರ ದ ಆಗಿ ಮೇಲೇರುತ್ತಿತ್ತು. ಪಕ್ಕದ ತಂತಿಯ ಸ ಮಾತ್ರ ಇದ್ದಲ್ಲೇ ಇರುತ್ತಿತ್ತು. ಕಾಲಲ್ಲಿ ಕೆಲಸ ಮಾಡುವ ವಾದ್ಯವೂ ಇದೆಯೆಂದು ತಿಳಿದ ದಿನ ಟೈಲರಮ್ಮನ ತಲೆ ಕೆಟ್ಟಿತು. ಅಂಗಡಿ ಮುಚ್ಚಿದ ಮೇಲೆ ಹನ್ನೊಂದು ವರ್ಷ ಕಲಿತಳು.

ಮೇಷ್ಟ್ರಿಗೆ ಅವಳ ಕೈಯ ಬಗ್ಗೆ ತಕರಾರಿರಲಿಲ್ಲ. ಕಾಲಿನದೇ ತಲೆನೋವು. ಪೆಡಲನ್ನು ಒಂದೇ ಸಲ ಒತ್ತಬೇಕಾದಲ್ಲಿ ಅವಳ ಎಡಪಾದ ನಯವಾಗಿ, ಸತಾಯಿಸುತ್ತಾ ಇಳಿಯುತ್ತಿತ್ತು. "ಪೆಡಲ್ ಅಂದ್ರೆ ಚಿಲಕ ಇದ್ದ ಹಾಗೆ. ಹಾಕು, ಇಲ್ಲ ತೆಗಿ. ಇದೇನು ರವಿಕೆಗೆ ತೋಳು ಕೂಡಿಸೋ ಹೊಲಿಗೆ ಮಷಿನ್ ಏನಮ್ಮಾ?" ಎಂದು ಅವರು ತಲೆ ಚಚ್ಚಿಕೊಳ್ಳುತ್ತಿದ್ದರು.

ಪಾಪ, ಅವರಿಗೇನು ಗೊತ್ತು. ಆ ಕಾಲಿಗೆ ಅವರಿಗಿಂತ ಮೊದಲೇ ಒಬ್ಬ ಗುರು ಇದ್ದಳು.

ಅಕ್ಕ. ಇವಳಿಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡ ಮೇಲೆ ಶಾಲೆ ಬಿಟ್ಟು ಹೊಲಿಗೆ ಮಷಿನ್ ಮುಂದೆ ಕೂತವಳು. ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಪುಟ್ಟ ಪಾದದ ಮೇಲೆ ತನ್ನ ಪಾದವಿಟ್ಟು ತುಳಿಸುತ್ತಿದ್ದಳು. "ಮೆಲ್ಲಗೆ ಪುಟ್ಟಿ. ಅವಸರ ಮಾಡಿದ್ರೆ ದಾರ ಕಿತ್ತೋಗುತ್ತೆ." ಹೊಲಿಯುತ್ತಾ ಹಾಡುತ್ತಿದ್ದಳು. ತಂಗಿ ಓದಿದ್ದು, ಬೆಳೆದದ್ದು, ಅಂಗಡಿಗೆ ಒಡತಿಯಾದದ್ದು ಎಲ್ಲವೂ ಅಕ್ಕ ತುಳಿದ ಆ ಕಬ್ಬಿಣದ ಹಲಗೆಯ ಪುಣ್ಯ. ಇದನ್ನು ಟೈಲರಮ್ಮ ಯಾರ ಮುಂದೆ ಬೇಕಾದರೂ ಹೇಳುತ್ತಿದ್ದಳು. ಅಕ್ಕನ ಮುಂದೆ ಮಾತ್ರ ಹೇಳಿರಲಿಲ್ಲ, ಹೇಳಿದರೆ ಬೈಸಿಕೊಳ್ಳಬೇಕಿತ್ತು.

ತಮ್ಮ ಮಂಡಿ ಕೈಕೊಟ್ಟಾಗ ಮೇಷ್ಟ್ರು ವಾದ್ಯವನ್ನು ಅವಳಿಗೇ ಕೊಟ್ಟರು. ಅಂದಿನಿಂದ ಒಂಬತ್ತು ವರ್ಷ, ಪ್ರತಿ ಶನಿವಾರ ಸಂಜೆ, ವಾಚನಾಲಯದ ಹಾಲ್‌ನಲ್ಲಿ ಅಕ್ಕ ಹಾಡುವುದು, ತಂಗಿ ನುಡಿಸುವುದು. ಕೊನೆಗೆ ಹಾಡುವ ಒಂದು ಹಾಡಿಗಾಗಿ ಜನ ಕಾದು ಕೂತಿರುತ್ತಿದ್ದರು. ಅದರ ಕೊನೆಯ ಸಾಲು ಮೇಲಿನ ಸ ಮುಟ್ಟಿ, ಅಲ್ಲಿಂದಲೂ ಪ ದಾಟಿ, ದ ತಾಗಿ ಇಳಿಯುತ್ತಿತ್ತು. ಆಗ ಮುಂದಿನ ಬೆಂಚಿನಲ್ಲಿ ಕೂರುವ ಕ್ಷೌರದಂಗಡಿಯವನು ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

ಹೋದ ವರ್ಷ ಅಕ್ಕನ ಗಂಟಲಲ್ಲಿ ಗಂಟೊಂದು ಕಾಣಿಸಿ, ಆಪರೇಷನ್ ಆಯಿತು. ಮಾತಿಗೇನೂ ತೊಂದರೆಯಿಲ್ಲ ಎಂದರು ಡಾಕ್ಟರು. ನಿಜ, ಬೈಗುಳಕ್ಕೂ ತೊಂದರೆಯಾಗಲಿಲ್ಲ. ಆದರೆ ಮೇಲಿನ ಸ ದಾಟಿದರೆ ದನಿ ಒಡೆಯುತ್ತಿತ್ತು. ಶ್ರುತಿ ಇಳಿಸಿ ನೋಡಿದರು. ಹಾಡಿನ ಶುರುವೇ ಪಾತಾಳಕ್ಕೆ ಹೋಯಿತು. ಮೂರು ತಿಂಗಳು ಹೆಣಗಾಡಿ ಅಕ್ಕ ಕೈಚೆಲ್ಲಿದಳು.

"ಈ ಶನಿವಾರ ಒಂದು ಹಾಡ್ತೀನಿ. ಆಮೇಲೆ ನೀನೊಬ್ಳೇ ನುಡಿಸು. ನಾನು ಕಾಜ ಹೊಲ್ಕೊಂಡಿರ್ತೀನಿ."

ಅಷ್ಟೇ ಆಗಿದ್ದರೆ ಟೈಲರಮ್ಮ ಸುಮ್ಮನಿರುತ್ತಿದ್ದಳೇನೋ. ಅಕ್ಕ ಮಷಿನ್ ಮುಂದೆ ಗುನುಗುವುದನ್ನೂ ನಿಲ್ಲಿಸಿಬಿಟ್ಟಳು. ಹುಟ್ಟಿದಾಗಿನಿಂದ ಕೇಳಿದ ದನಿ ಮನೆಯಿಂದ ಹೊರಟುಹೋದರೆ ಏನು ಮಾಡುವುದು? ಟೈಲರಮ್ಮನಿಗೆ ನಿಜಕ್ಕೂ ಭಯವಾಯಿತು.

ಗುರುವಾರ ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅಭ್ಯಾಸಕ್ಕೆ ಕೂತರು. ಕೊನೆಯ ಸಾಲು ಬಂತು. ಅಕ್ಕ ಮೇಲಿನ ಸ ಹಿಡಿದವಳು, ಮುಂದೆ ಹೋಗಲು ಹೆದರಿ ಅಲ್ಲೇ ನಿಂತು ತಂಗಿಯ ಮುಖ ನೋಡಿದಳು. ಆ ಕಣ್ಣು ಕಂಡು ತಂಗಿಗೆ ಕಾಲಿನ ಮೇಲೆ ನಿಗಾ ತಪ್ಪಿತು. ಹೇಳುವವರು ಕೇಳುವವರು ಇಲ್ಲದ ಆ ಪಾದ ತನ್ನ ಹಳೆಯ ಚಾಳಿಗೆ ಬಿತ್ತು; ತೋಳು ಕೂಡಿಸುವಾಗಿನ ಹಾಗೆ ಇಷ್ಟಿಷ್ಟೇ ಇಳಿಯಿತು. ಪ ಎಳೆ ಎಳೆಯಾಗಿ ಏರಿ ದ ಆಯಿತು. ಕೆಳಗೆ ಅಕ್ಕನ ಸ ಅಲುಗದೆ ನಿಂತೇ ಇತ್ತು.

ಇಬ್ಬರೂ ನಿಲ್ಲಿಸಿದರು.

"ಈಗೇನ್ ಮಾಡ್ದೆ ನೀನು?" ಅಕ್ಕ ಕೇಳಿದಳು.

"ತಪ್ಪು ಮಾಡ್ದೆ ಅಕ್ಕಾ. ಕಾಲು ಜಾರ್ತು."

"ಇನ್ನೊಂದ್ಸಲ ಅದೇ ತಪ್ಪು ಮಾಡು."

ಮಾಡಿದಳು. ಎರಡು ದಿನ ಅಂಗಡಿಯ ಬಾಗಿಲು ಅರ್ಧ ಮುಚ್ಚಿಕೊಂಡು ಅದನ್ನೇ ಮಾಡಿದಳು. ಪೆಡಲನ್ನು ಅರ್ಧಕ್ಕೆ ಹಿಡಿದು ಸ್ವರವನ್ನು ನಡುವೆ ತೂಗಾಡಿಸಿದಳು. ಮೊದಲೇ ಒತ್ತಿಟ್ಟು, ಮೀಟಿದ ಮೇಲೆ ಮೆಲ್ಲನೆ ಬಿಟ್ಟು ಇಳಿಸಿದಳು. ಪೆಡಲ್ ಒತ್ತುತ್ತಾ ಎಡಗೈಯ ಉಕ್ಕನ್ನು ತಂತಿಯಡಿಯ ಗುರುತಿನ ಗೆರೆಗಳಲ್ಲಿ ಎರಡು ಗೆರೆ ಹಿಂದಕ್ಕೆ ಸರಿಸಿದರೆ, ಏರಬೇಕಾದ ತಂತಿ ಇದ್ದಲ್ಲೇ ನಿಂತು ಉಳಿದವು ಮಾತ್ರ ಕೆಳಗಿಳಿದು ಹೋದವು. ಹನ್ನೊಂದು ವರ್ಷ ಬೈಸಿಕೊಂಡ ಕಾಲು ಇಷ್ಟೆಲ್ಲ ಬಲ್ಲದು ಎಂದು ಅವಳಿಗೇ ಗೊತ್ತಿರಲಿಲ್ಲ.

ಶನಿವಾರ ಹಾಲ್‌ನಲ್ಲಿ ಕೊನೆಯ ಸಾಲು ಬಂತು. ಅಕ್ಕ ಸ ಹಿಡಿದಳು. ತಂಗಿ ಪ ಮೀಟಿ ಪಾದ ಇಳಿಸತೊಡಗಿದಳು. ಅಷ್ಟರಲ್ಲಿ ಅಕ್ಕನ ದನಿ ನಡುಗಿತು. ಟೈಲರಮ್ಮ ಗಾಬರಿಯಾದಳು, ಕಾಲು ಮಾತ್ರ ಗಾಬರಿಯಾಗಲಿಲ್ಲ. ಪೆಡಲಿನ ಅರ್ಧದಲ್ಲಿ ನಿಂತು ಕಾಯಿತು. ಅಕ್ಕ ಉಸಿರು ಸಾವರಿಸಿಕೊಂಡು ಮತ್ತೆ ಸ ಗಟ್ಟಿ ಮಾಡಿದ ಮೇಲೆಯೇ ಉಳಿದರ್ಧ ಇಳಿಯಿತು. ದ ತಾಗಿತು.

ಚಪ್ಪಾಳೆ ಮುಗಿದ ಮೇಲೆ ಕ್ಷೌರದಂಗಡಿಯವನು ಮುಂದೆ ಬಂದ. "ಅಮ್ಮಾ, ಗಂಟಲು ಎಲ್ಲಿ ನಿಲ್ತು, ತಂತಿ ಎಲ್ಲಿ ಶುರುವಾಯ್ತು, ಒಂದೂ ಗೊತ್ತಾಗ್ಲಿಲ್ಲ."

"ನಂಗೂ ಗೊತ್ತಾಗ್ಲಿಲ್ಲ ಕಣಪ್ಪ" ಅಂದಳು ಅಕ್ಕ. "ಮುಂದಿನ ವಾರ ಬಾ, ಇನ್ನೊಂದ್ಸಲ ನೋಡೋಣ."

ಮುಂದಿನ ವಾರ! ಟೈಲರಮ್ಮನ ಕಣ್ಣು ತುಂಬಿ ಬಂತು. ತಗಡಿನ ಉಗುರು ತೆಗೆಯುವ ನೆಪದಲ್ಲಿ ತಲೆ ಬಗ್ಗಿಸಿಕೊಂಡಳು.

ಹಾಲ್ ಖಾಲಿಯಾದ ಮೇಲೆ ಅಕ್ಕ ಬಂದು ಬೆಂಚಿನ ಮೇಲೆ ಅವಳನ್ನು ಪಕ್ಕಕ್ಕೆ ಸರಿಸಿ ಕೂತು, ಚಪ್ಪಲಿ ಬಿಟ್ಟಳು. "ಎಲ್ಲಿ, ಯಾವ ಪೆಡಲ್ಲು?" ತಂಗಿ ತೋರಿಸಿ ತಂತಿ ಮೀಟಿದಳು. ಅಕ್ಕ ದಬಕ್ಕನೆ ತುಳಿದಳು. ಸ್ವರ ಚೀರಿಕೊಂಡಿತು.

ಟೈಲರಮ್ಮ ತನ್ನ ಪಾದವನ್ನು ಅಕ್ಕನ ಪಾದದ ಮೇಲಿಟ್ಟಳು.

"ಮೆಲ್ಲಗೆ ಅಕ್ಕಾ. ಅವಸರ ಮಾಡಿದ್ರೆ ತಂತಿ ಕಿತ್ತೋಗುತ್ತೆ."

ಎರಡು ಪಾದಗಳೂ ಒಟ್ಟಿಗೆ ಇಳಿದವು. ಪ ಮೆಲ್ಲಗೆ ಏರತೊಡಗಿದಾಗ, ಯಾರೂ ಕೇಳದೆಯೇ ಅಕ್ಕ ಸ ಹಿಡಿದು ಹಾಡಿದಳು.