ಬರೆಯದೆ ಬಿಟ್ಟ ಒಂದು ‘ಪ್ರೈವೇಟ್’

ನಿನ್ನೆ ಅರಸೀಕೆರೆಯ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ವಿದ್ಯಾರ್ಥಿನಿಯೊಬ್ಬಳು, “ಸರ್, ಈ ಮೆಥಡ್ ಮುಂದೆ ಪ್ರೈವೇಟ್ ಅಂತ ಯಾಕೆ ಹಾಕ್ಬೇಕು? ತೆಗೆದ್ರೂ ಪ್ರೋಗ್ರಾಂ ಓಡುತ್ತಲ್ಲ!” ಎಂದಳು. ಓಡುತ್ತದೆ, ನಿಜ. ಎಲ್ಲಿಗೆ ಓಡುತ್ತದೆ ಎಂಬುದನ್ನು ನಾನು ಕಲಿತದ್ದು ಗಂಡಸಿ ಎಂಬ ಊರಿನ ಒಂದು ಮನೆಯ ಜಗುಲಿಯಲ್ಲಿ.

ಆಗ ನಾನು ಹೊಸ ಮೇಷ್ಟ್ರು. ಕಾಲೇಜಿನ ಫಲಿತಾಂಶದ ಪ್ರೋಗ್ರಾಂ ಬರೆದವನು ನಾನೇ ಎಂದು ಕೇಳದವರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಅದರಲ್ಲಿ ಒಂದು ಮೆಥಡ್, ಅಂದರೆ ಒಂದು ಕೆಲಸಕ್ಕೆಂದೇ ಬರೆದ ಕೋಡಿನ ತುಣುಕು, ಎಲ್ಲ ಅಂಕಗಳೂ ಸೇರಿವೆಯೇ ಎಂದು ನೋಡಬೇಕು. ಸೇರಿದ್ದರೆ ಮಾತ್ರ ಇನ್ನೊಂದನ್ನು ಕರೆದು ಪಾಸೋ ಫೇಲೋ ಬರೆಸಬೇಕು. ಆ ಇನ್ನೊಂದನ್ನು ಪ್ರೈವೇಟ್ ಮಾಡಿದ್ದರೆ ಹೊರಗಿನ ಯಾವ ಕೋಡಿಗೂ ಅದು ಸಿಗುತ್ತಿರಲಿಲ್ಲ. ನಮ್ಮ ವಿಭಾಗದಲ್ಲಿರುವ ನಾಲ್ಕು ಜನ ಮೇಷ್ಟ್ರುಗಳಲ್ಲಿ ಅದನ್ನು ನೇರವಾಗಿ ಯಾರು ಕರೆಯುತ್ತಾರೆ ಎಂದು ಆ ಪದ ಬರೆಯದೆ ಬಿಟ್ಟಿದ್ದೆ.

ಸಹೋದ್ಯೋಗಿಯೊಬ್ಬರು ಕರೆದರು. ಪಟ್ಟಿ ಬೇಗ ಮುದ್ರಿಸಲೆಂದು ಅವರು ಬರೆದ ಕೋಡು ಪರಿಶೀಲನೆಯನ್ನು ಬಿಟ್ಟು ನೇರ ಒಳಗೆ ಹೋಯಿತು. ನನ್ನ ವಿದ್ಯಾರ್ಥಿನಿ ಸುಧಾ ಜ್ವರದಿಂದ ಪ್ರಾಕ್ಟಿಕಲ್ ಪರೀಕ್ಷೆಗೆ ಕೆಲವು ದಿನ ತಡವಾಗಿ ಕುಳಿತಿದ್ದಳು. ಆ ಅಂಕ ಇನ್ನೂ ಸೇರಿರಲಿಲ್ಲ. ನೋಟಿಸ್ ಬೋರ್ಡಿನಲ್ಲಿ ಅವಳ ಹೆಸರಿನ ಮುಂದೆ ಫೇಲ್.

ಕಾರಣ ನನಗೆ ತಿಳಿಯುವಷ್ಟರಲ್ಲಿ ವಾರವಾಗಿತ್ತು. ಸುಧಾ ಕಾಲೇಜಿಗೆ ಬರುವುದನ್ನೇ ಬಿಟ್ಟಿದ್ದಳು. ಅವಳ ಊರಾದ ಗಂಡಸಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ‘ತಾಂತ್ರಿಕ ದೋಷ’ ಎಂಬ ಮಾತನ್ನು ಹದ ಮಾಡಿಕೊಳ್ಳುತ್ತಿದ್ದೆ. ಯಾರದೂ ತಪ್ಪಲ್ಲ ಎನ್ನಿಸುವ ಮಾತು ಅದು, ನೋಡಿ.

ಜಗುಲಿಯಲ್ಲಿ ಅವಳ ತಾಯಿ ರಾಗಿ ಕೇರುತ್ತಿದ್ದರು. “ಪುಸ್ತಕಾನೆಲ್ಲ ಅಟ್ಟಕ್ಕೆ ಹಾಕವ್ಳೆ ಕಣ್ರೀ ಮೇಷ್ಟ್ರೇ. ನಂಗೆ ತಲೆ ಇಲ್ಲ ಅಂತಾಳೆ. ಕಂಪ್ಯೂಟರ್ರೇ ಹೇಳೈತಂತೆ. ಅದು ತಪ್ಪು ಹೇಳ್ತದಾ?”

ಹದ ಮಾಡಿಟ್ಟ ಮಾತು ಬಾಯಿಗೆ ಬರಲಿಲ್ಲ. “ತಪ್ಪು ಕಂಪ್ಯೂಟರ್ದಲ್ಲಮ್ಮ, ನಂದು. ಸುಧಾ ಪಾಸಾಗಿದ್ದಾಳೆ” ಎಂದೆ.

ಬಾಗಿಲಲ್ಲಿ ನಿಂತಿದ್ದ ಸುಧಾ ನಡೆದದ್ದನ್ನೆಲ್ಲ ಕೆದಕಿ ಕೆದಕಿ ಕೇಳಿದಳು. ಆಮೇಲೆ, “ಆ ಒಂದು ಪದ ಬರೆಯೋಕೆ ಎಷ್ಟೊತ್ತು ಬೇಕಿತ್ತು ಸರ್?” ಎಂದಳು.

ಸೋಮವಾರ ಅವಳು ಬಂದಳು. ತಪ್ಪು ನನ್ನದೆಂದು ಇಡೀ ತರಗತಿಗೆ ಹೇಳಿದೆ. ಅಲ್ಲಿಗೆ ಮುಗಿಯಿತೆಂದುಕೊಂಡೆ. ಈಗ ಅವಳು ಬೇಲೂರಿನಲ್ಲಿ ಶಿಕ್ಷಕಿ.

ನಂತರದ ಮಕ್ಕಳು ಪ್ರೈವೇಟ್ ಯಾಕೆ ಎಂದಾಗಲೆಲ್ಲ ಎರಡು ಅಂಕದ ಉತ್ತರ ಬರೆಸಿ ಪಾರಾಗುತ್ತಿದ್ದೆ. ನಿನ್ನೆ ಮಾತ್ರ ಇದನ್ನೆಲ್ಲ ಹೇಳಿಬಿಟ್ಟೆ. ಹುಡುಗಿ ಮೆಲ್ಲಗೆ, “ಅವ್ರ ಹತ್ರ ಕ್ಷಮೆ ಕೇಳಿದ್ರಾ ಸರ್?” ಎಂದಳು.

ತಪ್ಪು ಒಪ್ಪಿಕೊಂಡಿದ್ದೆ, ಕ್ಷಮೆ ಕೇಳಿರಲಿಲ್ಲ. ಎರಡೂ ಒಂದೇ ಎಂದು ಇಷ್ಟು ವರ್ಷ ನಂಬಿದ್ದೆ. ಸಂಜೆ ಸುಧಾಗೆ ಫೋನ್ ಮಾಡಿ ಕ್ಷಮೆ ಕೇಳಿದೆ.

“ಈಗ್ಯಾಕೆ ಸರ್ ಅದೆಲ್ಲ?”

“ಕೇಳೋದು ಉಳಿದುಹೋಗಿತ್ತು ಕಣಮ್ಮ.”

ಸುಧಾ, “ಭಾನುವಾರ ಊಟಕ್ಕೆ ಬನ್ನಿ ಸರ್, ಮನೆ ತೋರಿಸ್ತೀನಿ” ಎಂದಳು.