ಕಪ್ಯಾರರ ಗೋಡೆಯ ಮದರ್

ಕಡಬದಿಂದ ನೆಲ್ಯಾಡಿಗೆ ಹೋಗುವ ದಾರಿಯಲ್ಲಿ ಯಾರನ್ನಾದರೂ ಕೇಳಿ, ಚೆರಿಯನ್ ಎಂದರೆ ದೇವರಂಥ ಮನುಷ್ಯ ಎನ್ನುತ್ತಾರೆ. ನಮ್ಮ ಇಗರ್ಜಿಯ ಕಪ್ಯಾರ್ ಅವರು. ಗಂಟೆ ಬಾರಿಸಿ, ಬತ್ತಿ ಹೊತ್ತಿಸಿ, ಪಾದ್ರಿಗಳ ಬಟ್ಟೆ ತೆಗೆದಿಡುವ ಕೆಲಸ. ಬೀಡಿ ಇಲ್ಲ, ಕುಡಿತ ಇಲ್ಲ. ಎಲ್ಲ ಸರಿ. ಆದರೆ ಅವರೊಟ್ಟಿಗೆ ಸಂಸಾರ ಮಾಡುವವಳು ನಾನು, ಏಲಿಕುಟ್ಟಿ. ನನ್ನನ್ನು ಯಾರೂ ಕೇಳುವುದಿಲ್ಲ. ಅದಕ್ಕೆ ನಾನೇ ಹೇಳುತ್ತೇನೆ.

ಹದಿನೆಂಟು ವರ್ಷದ ಹಿಂದೆ ಪಾದ್ರಿಮನೆಗೆ ಹೊಸ ಟೈಲ್ಸ್ ಹಾಕುವಾಗ ಹಳೆಯ ಚಿತ್ರಗಳನ್ನೆಲ್ಲ ಅಂಗಳಕ್ಕೆ ಎಸೆದಿದ್ದರು. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಶಾಯಿ ತುಂಬಿಸಿ, ಕಾಗದಕ್ಕೆ ಒತ್ತಿದ ಚಿತ್ರಗಳು. ಇನ್ನೂರು ವರ್ಷ ಹಳೆಯವಂತೆ. ನನ್ನ ಗಂಡ ಅವನ್ನು ಚಾಪೆಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು ತಂದರು. ಹನ್ನೊಂದು ಜನ ಬಿಷಪರು, ಒಬ್ಬಳು ಹೆಂಗಸು. ಯಾವುದೋ ದೂರದೇಶದ ಕನ್ಯಾಮಠದ ಹಿರಿಯ ಮದರ್. ಉಪ್ಪಿನಂಗಡಿಯಲ್ಲಿ ಫ್ರೇಮ್ ಹಾಕಿಸಿ ಚಾವಡಿಯ ಗೋಡೆಗೆ ಏರಿಸಿದರು. ಜಾಗ ಸಾಲದೆ ನಮ್ಮ ಮದುವೆಯ ಫೋಟೊ ಅಡುಗೆಮನೆಗೆ ಬಂತು.

ಬಿಷಪರ ಗಾಜನ್ನು ಶನಿವಾರ ಒರೆಸುತ್ತಾರೆ. ಅವಳದ್ದು ಪ್ರತಿದಿನ! ಹಳೆಯ ಮುಂಡುಪಂಚೆಯ ಮೆತ್ತಗಿನ ತುಂಡು ಅವಳಿಗೆಂದೇ ಮೀಸಲು. ಆಮೇಲೆ ಭೂತಗನ್ನಡಿ ಹಿಡಿದು, ಅವಳ ಕೆನ್ನೆಗೆ ಮೂಗು ತಾಗಿಸಿ ನಿಲ್ಲುತ್ತಾರೆ.

"ಇಲ್ಲಿ ನೋಡು ಏಲಿ, ಕೂದಲೆಳೆಯ ಹಾಗಿನ ಗೆರೆ. ಒಂದೂ ತಪ್ಪಿಲ್ಲ. ಕೊರೆದವನ ಕೈಗೆ ಮುತ್ತು ಕೊಡ್ಬೇಕು!"

ನನಗೆ ಮೈಯೆಲ್ಲ ಉರಿಯುತ್ತದೆ. ಅವರಿಗೆ ಸೊಂಟನೋವು ಶುರುವಾದಂದಿನಿಂದ ಮುನ್ನೂರು ರಬ್ಬರ್ ಮರ ಕೊರೆಯುವುದು ನಾನು. ತೊಗಟೆಯನ್ನು ತೆಳ್ಳಗೆ, ಓರೆಯಾಗಿ ಕೊರೆಯಬೇಕು; ಚೂರು ಆಳಕ್ಕೆ ಹೋದರೆ ಮರಕ್ಕೆ ಗಾಯ. ನನ್ನ ಮರದಲ್ಲಿ ಒಂದು ಗಾಯ ತೋರಿಸಲಿ, ಚಾಕು ಕೆಳಗಿಡುತ್ತೇನೆ. ಮರದ ಹಾಲು ಹೆಪ್ಪುಗಟ್ಟಿಸಿ, ಹಾಳೆ ಒತ್ತಿ, ಹೊಗೆಮನೆಯಲ್ಲಿ ಒಣಗಿಸುವುದೂ ನಾನೇ. "ಒಮ್ಮೆ ಬಂದು ನೋಡಿ ಮಾರಾಯ್ರೆ" ಎಂದರೆ, "ಅದರಲ್ಲಿ ನೋಡುದು ಎಂತ ಉಂಟು?" ಎನ್ನುತ್ತಾರೆ.

ಹೌದು, ಹೊಟ್ಟೆಕಿಚ್ಚೇ. ಯಾವ ಕಾಲದಲ್ಲೋ ಸತ್ತವಳ ಮೇಲೆ! ಪಕ್ಕದ ಮನೆಯ ಈಶ್ವರಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು.

"ಏಲಿಯಕ್ಕ, ಅವಳಿಗೆ ಎದೆಯಿಂದ ಕೆಳಗೆ ಚಿತ್ರವೇ ಇಲ್ಲ. ಕಾಲಿಲ್ಲದವಳು ನಿಮ್ಮ ಗಂಡನನ್ನು ಎಲ್ಲಿಗೆ ಓಡಿಸಿಕೊಂಡು ಹೋಗುದು?"

ಕಳೆದ ನವೆಂಬರಿನಲ್ಲಿ ನಮ್ಮ ಮದುವೆಗೆ ಮೂವತ್ತು ವರ್ಷ ತುಂಬಿತು. ಆ ದಿನ ಅವರು ಪುತ್ತೂರಿಗೆ ಹೋಗಿ ಬಂದರು. ತಂದದ್ದು ಏನು? ಅವಳಿಗೆ ಹೊಸ ಗಾಜು! ಅವಳನ್ನು ಫ್ರೇಮಿನಿಂದ ಬಿಚ್ಚಿ ಮೇಜಿನ ಮೇಲೆ ಮಲಗಿಸಿ, ಸಂಜೆಯ ಗಂಟೆ ಬಾರಿಸಲು ಓಡಿದರು. ನಾನು ಅವಳನ್ನು ಎತ್ತಿಕೊಂಡು ಹೋಗಿ ಹೊಗೆಮನೆಯಲ್ಲಿ ರಬ್ಬರ್ ಹಾಳೆಗಳ ನಡುವೆ ಕ್ಲಿಪ್ ಹಾಕಿ ನೇತುಹಾಕಿದೆ. ಒಲೆಗೆ ನಾಲ್ಕು ತೆಂಗಿನ ಚಿಪ್ಪು ಜಾಸ್ತಿಯೇ ತುರುಕಿದೆ.

ಮೂರು ದಿನ ಹುಡುಕಿದರು. ಪೆಟ್ಟಿಗೆ ಬಿಚ್ಚಿದರು, ಇಲಿಗಳಿಗೆ ಬೈದರು, ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಯವರಿಗೆ ಮೇಣದಬತ್ತಿ ಹೊತ್ತಿಸಿದರು. ಊಟ ಸೇರಲಿಲ್ಲ. ನನಗೆ ಡೆಂಗಿ ಬಂದು ಮಲಗಿದ್ದಾಗ ಎರಡು ಬಟ್ಟಲು ಮೀನುಸಾರು ಉಂಡ ಮನುಷ್ಯ ಇವರು! ನಾಲ್ಕನೆಯ ದಿನ ನನಗೇ ತಡೆಯಲಾಗಲಿಲ್ಲ. ಅವಳನ್ನು ತಂದು ಮೇಜಿನ ಮೇಲೆ ಹಾಕಿದೆ. ಬಿಳಿ ಕಾಗದ ಕಡುಚಹಾದ ಬಣ್ಣಕ್ಕೆ ತಿರುಗಿತ್ತು.

"ತಗೊಳ್ಳಿ ನಿಮ್ಮ ಮದರನ್ನು. ಹೊಗೆಗೆ ಹಾಕಿದ್ದು ನಾನೇ."

ಬೈಗುಳಕ್ಕೆ ಮೈ ಗಟ್ಟಿ ಮಾಡಿ ನಿಂತೆ. ಅವರು ಭೂತಗನ್ನಡಿ ತಂದು, ಅಂಚಿನಿಂದ ಅಂಚಿಗೆ ನಿಧಾನವಾಗಿ ಹೋದರು.

"ಏಲಿ," ಎಂದರು ಕೊನೆಗೆ, "ಒಂದು ಕಲೆ ಇಲ್ಲ. ಎಲ್ಲಿಯೂ ಹೆಚ್ಚು ಕಡಿಮೆ ಇಲ್ಲ. ಇಷ್ಟು ಸಮ ಹೊಗೆ ಹೇಗೆ ಹಿಡಿಸಿದೆ ನೀನು? ಈಗ ಇವಳು ನಮ್ಮ ಊರಿನ ಹೆಂಗಸಿನ ಹಾಗೆಯೇ ಕಾಣ್ತಾಳೆ!"

ಮೂವತ್ತು ವರ್ಷದಲ್ಲಿ ನನ್ನ ಕೆಲಸಕ್ಕೆ ಸಿಕ್ಕಿದ ಮೊದಲ ಹೊಗಳಿಕೆ. ಅದೂ ಅವಳ ಮುಖ ನೋಡಿಕೊಂಡು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆದುಕೊಳ್ಳಲು ಆಗಲಿಲ್ಲ.

"ಹೊಗೆ ಎಂತದು, ನಾಳೆ ತೋಟಕ್ಕೆ ಬನ್ನಿ. ನನ್ನ ಮರ ತೋರಿಸ್ತೇನೆ," ಎಂದೆ.

"ಬರ್ತೇನೆ, ಬರ್ತೇನೆ," ಎಂದರು. ಕಣ್ಣು ಅವಳನ್ನು ಬಿಟ್ಟು ಮೇಲೆ ಏಳಲಿಲ್ಲ.